ಹೊಲಕ್ಕೆ ಬಂದ ವಿಷ, ಜೊತೆಗೆ ಬಾರದ ಕವಚ

ಅವಶ್ಯಕತೆಯೇ ಆವಿಷ್ಕಾರದ ತಾಯಿ ಎನ್ನುತ್ತೇವೆ. ಆ ಅವಶ್ಯಕತೆಗಳಲ್ಲೆಲ್ಲ ದೊಡ್ಡದು ಯುದ್ಧ ಎಂಬ ಮಾತನ್ನು ಶಾಲೆಯಿಂದಲೇ ಕೇಳುತ್ತ ಬಂದಿದ್ದೇವೆ. ರಾಡಾರ್‌ನಿಂದ ಮೈಕ್ರೋವೇವ್ ಒಲೆ ಬಂತು, ನೆಪೋಲಿಯನ್ ಕಾಲದ ಸೈನ್ಯದ ಹಸಿವಿನಿಂದ ಡಬ್ಬಿಯ ಆಹಾರ ಬಂತು ಎಂಬ ಉದಾಹರಣೆಗಳೂ ಬಾಯಿಪಾಠವಾಗಿವೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ನೆಲದಲ್ಲಿ ನಿಂತು ನೋಡಿದರೆ ಈ ಕಥೆಯ ಇನ್ನೊಂದು ಮುಖ ಕಾಣುತ್ತದೆ.

ವಾಡಿ ಜಂಕ್ಷನ್ನಿನ ಹಳಿಗಳಿಂದಲೇ ಶುರು ಮಾಡೋಣ. ರೈಲು ಹಾದಿಗೆ ಹಿಂದೆ ಹೆಚ್ಚಾಗಿ ಮರದ ದಿಮ್ಮಿಗಳೇ ಆಧಾರ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಹೊರಗಿನ ಮರ ಸಿಗುವುದು ದುಸ್ತರವಾಯಿತು. ಆಗ ಉಕ್ಕಿನ ತಂತಿಯನ್ನು ಎಳೆದು ಬಿಗಿಹಿಡಿದು ಕಾಂಕ್ರೀಟ್ ಎರೆದ ಸ್ಲೀಪರ್‌ಗಳನ್ನು 1943ರಲ್ಲಿ ಅಲ್ಲಿನ ಮುಖ್ಯ ಮಾರ್ಗದಲ್ಲಿ ಹಾಸಿದರು. ಇಂದು ನಮ್ಮ ರೈಲುಗಳು ಓಡುವುದು ಅದೇ ತಂತ್ರದ ಮೇಲೆ.

ಶಹಾಬಾದಿನ ಸಿಮೆಂಟಿಗೂ ಯುದ್ಧದ ನಂಟಿದೆ. 1914ರಲ್ಲಿ ಪೋರಬಂದರಿನ ಕಾರ್ಖಾನೆ ಸಿಮೆಂಟ್ ತಯಾರಿ ಆರಂಭಿಸಿದ ಹೊತ್ತಿಗೇ ಮೊದಲ ಮಹಾಯುದ್ಧ ಶುರುವಾಗಿ ಇಂಗ್ಲೆಂಡಿನಿಂದ ಬರುತ್ತಿದ್ದ ಸಿಮೆಂಟ್ ವಿರಳವಾಯಿತು. ಸರ್ಕಾರ ದೇಶೀ ಸಿಮೆಂಟಿನತ್ತ ತಿರುಗಿತು. ಆ ಲಾಭ ಕಂಡು ಯುದ್ಧ ಮುಗಿದ ಮೇಲೆ ಹಲವು ಕಂಪನಿಗಳು ಹುಟ್ಟಿಕೊಂಡವು. ಶಹಾಬಾದ್ ಸಿಮೆಂಟ್ ಕಂಪನಿ ಅವುಗಳಲ್ಲೊಂದು. ಬೇಡಿಕೆಗಿಂತ ಉತ್ಪಾದನೆ ಹೆಚ್ಚಾಗಿ ದರ ಕುಸಿಯಿತು. ಕೊನೆಗೆ 1936ರಲ್ಲಿ ಹತ್ತು ಕಂಪನಿಗಳು ಒಂದಾಗಿ ಎಸಿಸಿ ಕಂಪನಿಯಾದವು, ಶಹಾಬಾದ್ ಅದರೊಳಗೆ ಸೇರಿತು. ದೇಶದ ಮೊದಲ ಹತ್ತು ಲಕ್ಷ ಟನ್ ಸಾಮರ್ಥ್ಯದ ಸಿಮೆಂಟ್ ಘಟಕ 1982ರಲ್ಲಿ ವಾಡಿಯಲ್ಲಿ ತಲೆ ಎತ್ತಿದ್ದಕ್ಕೂ ಇಲ್ಲಿನ ಸುಣ್ಣಕಲ್ಲಿನ ನೆಲವೇ ಕಾರಣ.

ಆ ಸುಣ್ಣಕಲ್ಲನ್ನು ಒಡೆಯುವ ಮದ್ದಿನ ಕಥೆ ಇನ್ನೂ ಗಂಭೀರವಾದುದು. ಗಣಿಗಳಲ್ಲಿ ಬಳಕೆಯಲ್ಲಿರುವ ಅಗ್ಗದ ಸ್ಫೋಟಕವೆಂದರೆ ಅಮೋನಿಯಂ ನೈಟ್ರೇಟಿಗೆ ನೂರಕ್ಕೆ ಆರರಷ್ಟು ಡೀಸೆಲ್ ಬೆರೆಸಿದ್ದು. ಆ ನೈಟ್ರೇಟಿನ ಮೂಲ ಅಮೋನಿಯಾ. ಗಾಳಿಯ ಸಾರಜನಕವನ್ನು ಅಮೋನಿಯಾ ಆಗಿಸುವ ವಿಧಾನವನ್ನು ಫ್ರಿಟ್ಜ್ ಹೇಬರ್ 1909ರಲ್ಲಿ ತೋರಿಸಿದ್ದ, ಕಾರ್ಲ್ ಬಾಷ್ 1913ರಲ್ಲಿ ಅದನ್ನು ಕಾರ್ಖಾನೆಗೆ ತಂದ. ಮರುವರ್ಷ ಯುದ್ಧ. ಚಿಲಿ ದೇಶದ ನೈಟ್ರೇಟ್ ಉಪ್ಪಿನ ಹಡಗುಗಳು ಜರ್ಮನಿಗೆ ಬರುವುದು ನಿಂತಾಗ ಅದರ ಮದ್ದುಗುಂಡಿಗೆ ಆಸರೆಯಾದದ್ದು ಇದೇ ವಿಧಾನ. ಇವತ್ತು ಸೇಡಂ ಕಡೆಯ ಗಣಿಯ ಸಿಡಿತದಲ್ಲೂ, ಪಕ್ಕದ ಹೊಲಕ್ಕೆ ಹೋಗುವ ಯೂರಿಯಾ ಚೀಲದಲ್ಲೂ ಇರುವುದು ಅದೇ ಸಾರಜನಕ. ಯುದ್ಧವಿಲ್ಲದಿದ್ದರೂ ಹೇಬರನ ವಿಧಾನ ಇತ್ತು ಎಂಬುದನ್ನು ಗಮನಿಸಬೇಕು. ಯುದ್ಧ ಕೊಟ್ಟದ್ದು ಬುದ್ಧಿಯನ್ನಲ್ಲ, ಹಣವನ್ನು, ಅವಸರವನ್ನು, ಸರ್ಕಾರದ ಪೂರ್ತಿ ಗಮನವನ್ನು.

ನನ್ನ ನಿಜವಾದ ಚಿಂತೆ ತೊಗರಿ ಹೊಲದ್ದು, ಅಲ್ಲಿ ಸಿಂಪಡಿಸುವ ವಿಷದ್ದು. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕ ಹುಡುಕುತ್ತಿದ್ದ. ರಂಜಕದ ಒಂದು ಸಂಯುಕ್ತ ಸಿಕ್ಕಿತು. ಅದರ ಅತ್ಯಲ್ಪ ಸೋಂಕಿಗೇ ಪ್ರಯೋಗಾಲಯದಲ್ಲಿದ್ದವರ ಕಣ್ಣು ಮಂಜಾಗಿ ಉಸಿರು ಕಟ್ಟಿತು. ಸೈನ್ಯ ಅದನ್ನು ತನ್ನದಾಗಿಸಿಕೊಂಡಿತು, ಟ್ಯಾಬುನ್ ಎಂಬ ನರವಿಷವಾಯಿತು. ಶ್ರಾಡರ್ ತನ್ನ ಹುಡುಕಾಟ ಮುಂದುವರಿಸಿ ಪ್ಯಾರಾಥಿಯಾನ್ ಕೂಡ ರೂಪಿಸಿದ. ಮುಂದೆ ಕೃಷಿಗೆ ಬಂದ ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಪ್ರೊಫೆನೊಫಾಸ್ ಎಲ್ಲ ಇದೇ ರಾಸಾಯನಿಕ ಕುಟುಂಬದವು. ತೀವ್ರತೆ ಬೇರೆ, ದಾರಿ ಒಂದೇ: ನರದ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನೇ ಇವು ಕಟ್ಟಿಹಾಕುತ್ತವೆ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಸೂಜಿಮೊನೆಯಷ್ಟಾಗುವ ಕಣ್ಣಪಾಪೆ, ಎದೆಯಲ್ಲಿ ನೀರು ತುಂಬಿ ನಿಲ್ಲುವ ಉಸಿರು.

ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ತೊಗರಿಗೆ ಕಾಯಿಕೊರಕ ಹುಳ ಬೀಳುತ್ತದೆ. ಅಷ್ಟರಲ್ಲಿ ಗಿಡ ಆಳೆತ್ತರ ಬೆಳೆದಿರುತ್ತದೆ. ಬೆನ್ನಿಗೆ ಪಂಪ್ ಕಟ್ಟಿಕೊಂಡವನು ಕೊಳವೆಯನ್ನು ತಲೆಯ ಮೇಲಕ್ಕೆ ಎತ್ತಿ ಹೊಡೆಯಬೇಕು, ಹನಿ ಮತ್ತೆ ಅವನ ಮುಖಕ್ಕೂ ಹೆಗಲಿಗೂ ಬೀಳುತ್ತದೆ. ಮುಚ್ಚಳ ಸಡಿಲಾದರೆ ಬೆನ್ನೆಲ್ಲ ಒದ್ದೆ. ಮೂಗಿಗೆ ಟವೆಲ್ಲು, ಬರಿಗೈ, ಬರಿಗಾಲು. ಕೊಡದಲ್ಲಿ ನೀರು ತಂದು ಪಂಪಿಗೆ ಸುರಿಯುವವಳು ಬಹಳ ಸಲ ಮನೆಯ ಹೆಣ್ಣುಮಗಳು. ಆಕೆಗೆ ಟವೆಲ್ಲೂ ಇಲ್ಲ, ಸೆರಗೇ ಗತಿ.

ಸೈನ್ಯಗಳು ಏನು ಮಾಡಿದವು ನೋಡಿ. 1915ರ ಏಪ್ರಿಲ್ 22ರಂದು ಈಪ್ರ್ ರಣರಂಗದಲ್ಲಿ ಜರ್ಮನ್ನರು ಕ್ಲೋರಿನ್ ಬಿಟ್ಟ ಕೆಲವೇ ತಿಂಗಳಲ್ಲಿ ಎದುರಾಳಿ ಸೈನಿಕರಿಗೆ ಮುಖವಾಡ ತಲುಪಿತು. ನರವಿಷದ ಕಾಲ ಬಂದಾಗ ತೊಡೆಗೆ ತಾನೇ ಚುಚ್ಚಿಕೊಳ್ಳುವ ಅಟ್ರೋಪಿನ್ ಎಂಬ ಪ್ರತಿವಿಷ ಸೈನಿಕನ ಕಿಟ್ಟಿಗೆ ಸೇರಿತು. ಅಲ್ಲಿ ವಿಷದ ಬೆನ್ನಿಗೇ ಕವಚವೂ ಮದ್ದೂ ತರಬೇತಿಯೂ ಬಂದವು. ನಮ್ಮ ರೈತನಿಗೆ ವಿಷವಷ್ಟೇ ಬಂತು, ಅಂಗಡಿಯವನ ಬಾಯಿಮಾತಿನ ಜೊತೆಗೆ. ಶಹಾಬಾದ್ ಕಲ್ಲನ್ನು ಒಣಗರಗಸದಲ್ಲಿ ಕೊಯ್ಯುವ ಕಾರ್ಮಿಕನ ಸ್ಥಿತಿಯೂ ಬೇರೆಯಲ್ಲ. ಗರಗಸದ ಮೇಲೆ ನೀರು ಬಿಟ್ಟರೆ ಅಡಗುವ ದೂಳನ್ನು ಅವನು ದಿನವಿಡೀ ಕುಡಿಯುತ್ತಾನೆ.

2013ರಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರ ಬಿಸಿಯೂಟದಲ್ಲಿ ಮೊನೊಕ್ರೊಟೊಫಾಸ್ ಬೆರೆತು 23 ಮಕ್ಕಳು ಸತ್ತರು. ಅದರ ಹೆಚ್ಚು ಬಳಕೆಯಲ್ಲಿದ್ದ ದ್ರವರೂಪವನ್ನು ನಿಷೇಧಿಸುವ ಆದೇಶಕ್ಕೆ 2023ರವರೆಗೆ ಕಾಯಬೇಕಾಯಿತು. ಶಾಂತಿಕಾಲದ ಸರ್ಕಾರಕ್ಕೆ ಇಷ್ಟು ನಿಧಾನ ಏಕೆ? ಯುದ್ಧದಲ್ಲಿ ಸತ್ತವನ ಲೆಕ್ಕ ಅಂದೇ ಬೇಕಾಗುತ್ತದೆ. ಸಿಂಪಡಣೆಗೆ ಹೋಗಿ ಮೈಗೆ ವಿಷ ಏರಿಸಿಕೊಂಡು ಸಂಜೆ ವಾಂತಿ ಮಾಡಿ ಮಲಗಿದವನು ಯಾವ ಲೆಕ್ಕಕ್ಕೂ ಸೇರುವುದಿಲ್ಲ, ಪಿತ್ತ ಎಂದೋ ಬಿಸಿಲು ಎಂದೋ ಮಾತು ಮುಗಿಯುತ್ತದೆ.

ಮಾಡಬೇಕಾದದ್ದು ಕಠಿಣವೇನಲ್ಲ. ಚಿಂಚೋಳಿಯ ಗಡಿ ತಾಂಡಾದಿಂದ ಕಲಬುರಗಿಯ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ಹೋಗಬಹುದು. ಆದ್ದರಿಂದ ಸೇಡಂ, ಚಿತ್ತಾಪುರ, ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಗಳಲ್ಲಷ್ಟೇ ಅಲ್ಲ, ತೊಗರಿ ಬೆಳೆಯುವ ಪ್ರತಿ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ತೊಗರಿ ಹೂ ಬಿಡುವ ಮೊದಲೇ ಅಟ್ರೋಪಿನ್, ಆಮ್ಲಜನಕ ಮತ್ತು ಅವನ್ನು ಕೊಡಬಲ್ಲ ಸಿಬ್ಬಂದಿ ಇರಬೇಕು. ರೈತ ಸಂಪರ್ಕ ಕೇಂದ್ರ ರಿಯಾಯಿತಿ ದರದಲ್ಲಿ ಕೀಟನಾಶಕ ಕೊಡುತ್ತದೆ. ಅದೇ ಕಿಟಕಿಯಲ್ಲಿ, ಅದೇ ರಸೀದಿಗೆ, ಕೈಗವಸು ಮತ್ತು ಸೋಸುಪಟ್ಟಿಯ ಮುಖವಾಡವನ್ನೂ ಉಚಿತವಾಗಿ ಕೊಡಲಿ. ಒಂದು ಜೊತೆ ಸಾಲದು, ಹೊಡೆಯುವವನಿಗೊಂದು, ನೀರು ಸುರಿಯುವವಳಿಗೊಂದು.