ಹೆರುವವಳ ಪಕ್ಕದಲ್ಲಿ ಯಾರು?

ಈಚೆಗೆ ನಮ್ಮ ನಗರಗಳಲ್ಲಿ ‘ಡೌಲಾ’ ಎಂಬ ಹೊಸ ಶಬ್ದವೊಂದು ಕೇಳಿಬರುತ್ತಿದೆ. ಹೆರಿಗೆಯ ಹೊತ್ತಿನಲ್ಲಿಯೂ ಬಾಣಂತನದಲ್ಲಿಯೂ ಜೊತೆಗಿದ್ದು, ಬೆನ್ನು ನೀವಿ, ಧೈರ್ಯ ಹೇಳಿ, ಬೇಕು ಬೇಡಗಳನ್ನು ವಿಚಾರಿಸಿಕೊಳ್ಳಲು ಸಂಬಳಕ್ಕೆ ಬರುವ ಹೆಂಗಸು ಈಕೆ. ಸೂಲಗಿತ್ತಿಯಲ್ಲ, ದಾದಿಯೂ ಅಲ್ಲ. ಕೂಸನ್ನು ಹಿಡಿಯುವುದಿಲ್ಲ, ಮದ್ದು ಕೊಡುವುದಿಲ್ಲ. ಶಬ್ದ ಗ್ರೀಕ್ ಭಾಷೆಯದು. ಊಳಿಗದವಳು ಎಂದು ಅರ್ಥ. ಅಮೆರಿಕದ ಮಾನವಶಾಸ್ತ್ರಜ್ಞೆ ಡೇನಾ ರಾಫೇಲ್ ಇದನ್ನು 1973ರಲ್ಲಿ ಬಾಣಂತಿಯ ನೆರವಿಗೆ ನಿಲ್ಲುವವಳೆಂಬ ಅರ್ಥದಲ್ಲಿ ಬಳಸಿದರು. ಊಳಿಗದವಳು, ಸರಿ, ಆದರೆ ಯಾರ ಊಳಿಗದವಳು? ನನ್ನ ತಕರಾರೆಲ್ಲ ಈ ಒಂದು ಪ್ರಶ್ನೆಯದು.

ಹಿರಿಯರು ಕೇಳುತ್ತಾರೆ: “ತಾಯಿಯಿಲ್ಲವೆ, ಅತ್ತೆಯಿಲ್ಲವೆ? ದುಡ್ಡು ಕೊಟ್ಟು ಅಕ್ಕರೆ ಕೊಳ್ಳುವ ಕಾಲ ಬಂತೆ?” ಅಕ್ಕರೆಯನ್ನು ಯಾರೂ ಕೊಳ್ಳುತ್ತಿಲ್ಲ, ಕೊಳ್ಳುತ್ತಿರುವುದು ಅನುಭವವನ್ನು, ಬಿಡುವನ್ನು. ನಮ್ಮ ಮನೆಗಳಲ್ಲಿ ಬಾಣಂತಿಗೂ ಕೂಸಿಗೂ ಎಣ್ಣೆಯೊತ್ತಿ ನೀರೆರೆಯಲು ಬರುತ್ತಿದ್ದ ಮುದುಕಿ ಸಂಬಳವನ್ನೂ ಕಡೆಗೊಂದು ಸೀರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲವೆ? ಅದರಿಂದ ತವರಿನ ಗೌರವ ಕಡಮೆಯಾಗಲಿಲ್ಲ. ಇನ್ನು ಇಂದಿನ ತಾಯಂದಿರಲ್ಲಿ ಎಷ್ಟೋ ಮಂದಿ ತಾವೇ ದುಡಿಯುವವರು, ಇಲ್ಲವೇ ಮಂಡಿನೋವಿನಲ್ಲಿ ಮೆಟ್ಟಿಲು ಹತ್ತಲಾರದವರು. ಇದ್ದವರಾದರೂ ಹೇಳುವುದೇನು? “ನಾವು ಹೆತ್ತಿಲ್ಲವೆ? ಸುಮ್ಮನಿರು.” ಬಾಯಾರಿದ ಬಾಣಂತಿಗೆ ನೀರು ಕೊಟ್ಟರೆ ಶೀತವೆಂದು ಚೊಂಬನ್ನು ಬಚ್ಚಿಟ್ಟ ಕೈಗಳೂ ಅಕ್ಕರೆಯ ಕೈಗಳೇ!

ಹೆರಿಗೆ ಆಸ್ಪತ್ರೆಗೆ ಹೋದುದು ತಪ್ಪೆಂದು ನಾನು ಹೇಳುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆದವು. ಇದರಿಂದ ಉಳಿದ ಜೀವಗಳು ಎಷ್ಟೋ. ಆದರೆ ಹೆಂಗಸು ಒಳಗೆ ಹೋದಾಗ ಆಕೆಯ ಕೈ ಹಿಡಿದಿದ್ದ ಇನ್ನೊಂದು ಕೈ ಬಾಗಿಲಲ್ಲೇ ಉಳಿಯಿತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಕೂಲಿ ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು 2018ರಲ್ಲಿ ಅವರಿಗೆ ಪದ್ಮಶ್ರೀ ಕೊಟ್ಟು ಗೌರವಿಸಿದೆವು. ಅವರ ಕೈಚಳಕಕ್ಕೆ ಬದಲು ವೈದ್ಯರು ಬಂದರು. ಅವರು ಹೇಳುತ್ತಿದ್ದ ಧೈರ್ಯಕ್ಕೆ ಬದಲು ಯಾರು ಬಂದರು?

ಧೈರ್ಯ ಹೇಳುವುದು ಹೆಂಗಸರ ಮಾತು, ವಿಜ್ಞಾನವಲ್ಲ ಎನ್ನುವವರುಂಟು. ಗ್ವಾಟೆಮಾಲದಲ್ಲಿ ಚೊಚ್ಚಲ ಬಸುರಿಯರ ಮೇಲೆ ನಡೆದ ಪ್ರಯೋಗವೊಂದು 1980ರಲ್ಲಿ ಪ್ರಕಟವಾಯಿತು. ತೊಡಕಿಲ್ಲದೆ ಹೆತ್ತವರಲ್ಲಿ, ಜೊತೆಗಾತಿಯಿಲ್ಲದವರಿಗೆ ಸರಾಸರಿ 19.3 ಗಂಟೆ ಹಿಡಿದರೆ ಇದ್ದವರಿಗೆ 8.7 ಗಂಟೆ. 1991ರಲ್ಲಿ ಪ್ರಕಟವಾದ ಅಮೆರಿಕದ ಹ್ಯೂಸ್ಟನ್ ನಗರದ ಅಧ್ಯಯನದಲ್ಲಿ ಸಿಸೇರಿಯನ್ ಆದುದು ಜೊತೆಯಿದ್ದವರಲ್ಲಿ ಶೇ. 8, ಇಲ್ಲದವರಲ್ಲಿ ಶೇ. 18. ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ 2017ರ ಕಾಕ್ರೇನ್ ವಿಮರ್ಶೆ 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರನ್ನು ಲೆಕ್ಕಕ್ಕೆ ತೆಗೆದುಕೊಂಡು, ಬಿಡದೆ ಜೊತೆಗಿರುವುದರಿಂದ ಒಳ್ಳೆಯದಾಗುತ್ತದೆಂದೇ ಹೇಳಿತು. ಒಂದು ಮದ್ದು ಇಷ್ಟು ಕೆಲಸ ಮಾಡಿದ್ದರೆ ನಮ್ಮ ಆಸ್ಪತ್ರೆಗಳು ಅದನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದವೆ?

ಕೆಲವು ಆಸ್ಪತ್ರೆಗಳು ಈಗ ಬಾಗಿಲು ತೆರೆದಿವೆ. ಆದರೆ ತಮ್ಮದೇ ಡೌಲಾಳನ್ನು ಕೋಣೆಯ ಬಾಡಿಗೆಯ ಜೊತೆಗೆ ಸೇರಿಸಿ ಮಾರುತ್ತವೆ. ಇಲ್ಲಿಯೇ ಎಚ್ಚರ ಬೇಕು. ಅದೇ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಶೇ. 47.4, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3. ಶಸ್ತ್ರಚಿಕಿತ್ಸೆ ಅನೇಕರ ಜೀವ ಉಳಿಸಿದೆ, ನಿಜ. ಆದರೆ ಅವಸರದ ನಿರ್ಧಾರವೊಂದು ಬಂದಾಗ, “ಇದು ಈಗಲೇ ಬೇಕೆ, ಕಾಯಬಹುದೆ, ವೈದ್ಯರನ್ನು ಕೇಳು” ಎಂದು ಹೆರುವವಳಿಗೆ ನೆನಪಿಸಬೇಕಾದವಳು, ಅದೇ ಆಸ್ಪತ್ರೆಯ ಸಂಬಳ ಎಣಿಸುವವಳಾದರೆ ಬಾಯಿ ತೆರೆದಾಳೆ?

ಸರ್ಕಾರದ ನಿಯಮದಲ್ಲಿಯೂ ಒಂದು ಕೊರತೆಯಿದೆ. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಜೊತೆಗಾತಿಯೊಬ್ಬಳನ್ನು ಬಿಡಲು ಒಪ್ಪಿದ್ದು ಮೆಚ್ಚತಕ್ಕದ್ದೇ. ಆದರೆ ಆಕೆ ನೆಂಟಳಾಗಿರಬೇಕು, ಆದಷ್ಟೂ ತಾನೂ ಹೆತ್ತವಳಾಗಿರಬೇಕು. ನೆಂಟಳೆಂದರೆ ಯಾರೆಂಬುದನ್ನು ಅನೇಕ ಮನೆಗಳಲ್ಲಿ ನಿರ್ಧರಿಸುವವರು ಬಸುರಿಯಲ್ಲ! ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದು ಹೆಂಗಸು ತಾನೇ ಆರಿಸಿಕೊಂಡ ಜೊತೆಗಾರರು ಇರಲಿ ಎಂದು. ಆ ಆಯ್ಕೆಯನ್ನೇ ಕೈಬಿಟ್ಟರೆ ಉಳಿಯುವುದು ಕಾವಲು, ನೆರವಲ್ಲ.

ಹಾಗೆಂದು ಡೌಲಾ ಎಂದು ಹೇಳಿಕೊಂಡವರನ್ನೆಲ್ಲ ನಂಬಬೇಕಾಗಿಲ್ಲ. ವೈದ್ಯರಿಗಿರುವಂತೆ ಕಾನೂನಿನ ನೋಂದಣಿ ಇವರಿಗೆ ನಮ್ಮಲ್ಲಿಲ್ಲ. ಬಸುರಿ ತಾನೇ ಕೂತು ಮಾತಾಡಿ ಕೇಳಲಿ: ಎಷ್ಟು ಹೆರಿಗೆಗಳಲ್ಲಿ ಜೊತೆಗಿದ್ದೆ? ಅರ್ಧರಾತ್ರಿ ನೋವು ಬಂದರೆ ಬರುತ್ತೀಯಾ? ನೀನು ಬರಲಾಗದಿದ್ದರೆ ಯಾರು? ಸಿಸೇರಿಯನ್ ಆದರೂ ಜೊತೆಗಿರುತ್ತೀಯಾ? ವೈದ್ಯರ ಮಾತು ಕೇಳಬೇಡವೆನ್ನುವವಳನ್ನೂ ಮನೆಯಲ್ಲೇ ಹೆರು ಎಂದು ಒತ್ತಾಯಿಸುವವಳನ್ನೂ ಆ ಕ್ಷಣವೇ ಕಳುಹಿಸಿಬಿಡಲಿ. ಬಾಣಂತನಕ್ಕೆ ಬಂದವಳು ಕೂಸಿನಷ್ಟೇ ತಾಯಿಯನ್ನೂ ನೋಡಬೇಕು. ಹೆತ್ತ ಮೊದಲ ದಿನಗಳಲ್ಲಿ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಮನಸ್ಸಿನ ಮಂಕು ಹೋಗದಿದ್ದರೆ, ದೃಷ್ಟಿ ತೆಗೆಯುತ್ತ ಕೂರದೆ ವೈದ್ಯರಲ್ಲಿಗೆ ಕರೆದೊಯ್ಯುವವಳು ನಿಜವಾದ ನೆರವಿನವಳು.

ಸಾವಿರಾರು ರೂಪಾಯಿ ಕೊಡಲಾರದವರ ಗತಿಯೇನು ಎಂದು ಕೇಳಬಹುದು. ಕೇಳಲೇಬೇಕು. ಗ್ವಾಟೆಮಾಲದ ಜೊತೆಗಾತಿಯೇನೂ ಪ್ರಮಾಣಪತ್ರದವಳಲ್ಲ. ಆ ಬಸುರಿಯರಿಗೆ ಗುರುತೂ ಇಲ್ಲದ ಸಾಮಾನ್ಯ ಹೆಂಗಸು. ಓರಗಿತ್ತಿಯೋ ಗೆಳತಿಯೋ ನೆರೆಮನೆಯವಳೋ, ಹೆರುವವಳು ಬೆರಳು ತೋರಿಸಿದವಳನ್ನು ಒಳಗೆ ಬಿಡಲು, ಹಾಸಿಗೆಗಳ ನಡುವೆ ಒಂದು ಪರದೆ ಕಟ್ಟಲು, ಯಾವ ಖಜಾನೆಯೂ ಬರಿದಾಗುವುದಿಲ್ಲ. ಮದುವೆಯ ಸೀರೆ ಆರಿಸಲು ಮಗಳಿಗೆ ಮೂರು ದಿನ ಕೊಡುವ ನಾವು, ನೋವಿನಲ್ಲಿ ತನ್ನ ಕೈ ಯಾರು ಹಿಡಿಯಬೇಕೆಂದು ಆಕೆಯನ್ನು ಒಂದು ಮಾತು ಕೇಳಬಾರದೆ?