ಮಂಡಿ ನೋವು: ಸ್ಕ್ಯಾನ್ ಯಾವಾಗ ಬೇಕು?

ಕಬಡ್ಡಿಯಲ್ಲಿ ಎದುರಾಳಿಯ ಹಿಡಿತದಿಂದ ತಪ್ಪಿಸಿಕೊಳ್ಳಲು ಆಟಗಾರ ಗಕ್ಕನೆ ತಿರುಗುತ್ತಾನೆ. ಪಾದ ನೆಲದಲ್ಲಿ ಊರಿಕೊಂಡೇ ಇರುತ್ತದೆ. ಮೈ ತಿರುಗಿದ ರಭಸಕ್ಕೆ ನಡುವಿನ ಮಂಡಿ ತಿರುಚಿಕೊಳ್ಳುತ್ತದೆ. ಎಣ್ಣೆ ಹಚ್ಚಿ ನೀವಿದ್ದಾಯಿತು, ಉಳುಕು ತೆಗೆಸಿದ್ದಾಯಿತು, ಪಟ್ಟಿ ಕಟ್ಟಿದ್ದಾಯಿತು. ತಿಂಗಳು ಕಳೆದರೂ ನೋವು ಪೂರ್ತಿ ಹೋಗಿಲ್ಲ. ಆಗ ಮನೆಯಲ್ಲಿ ಪ್ರಶ್ನೆ ಏಳುತ್ತದೆ: ‘ಒಂದು ಎಂ.ಆರ್.ಐ. ಮಾಡಿಸಿಬಿಡೋಣವೇ?’

ಎಂ.ಆರ್.ಐ.ಗೆ ಸಾವಿರಾರು ರೂಪಾಯಿ ಬೇಕು. ಹಾಗೆಂದು ಬೇಕಾದಾಗ ಮಾಡಿಸದಿದ್ದರೆ ಮಂಡಿಗೇ ನಷ್ಟ. ಇದನ್ನು ನಿರ್ಧರಿಸುವಾಗ ನೋವು ಎಷ್ಟು ದಿನದ್ದು ಎಂಬುದಕ್ಕಿಂತ ಮಂಡಿ ಹೇಗೆ ವರ್ತಿಸುತ್ತಿದೆ ಎಂಬುದನ್ನು ಗಮನಿಸಬೇಕು.

ಮೊದಲು ಎಕ್ಸ್‌ರೇ

ಪೆಟ್ಟು ಬಿದ್ದ ಹೊಸದರಲ್ಲಿ ಮೂಳೆ ಮುರಿದಿದೆಯೇ ಎಂದು ತಿಳಿಯಲು ಎಕ್ಸ್‌ರೇ ಸಾಕು. ಅದೂ ಎಲ್ಲರಿಗೂ ಬೇಕಿಲ್ಲ. ಕೆನಡಾದ ಒಟ್ಟಾವಾ ನಗರದ ವೈದ್ಯರು 1995ರಲ್ಲಿ ಪ್ರಕಟಿಸಿದ ಸರಳ ನಿಯಮವೊಂದಿದೆ. ವಯಸ್ಸು 55 ಅಥವಾ ಅದಕ್ಕಿಂತ ಹೆಚ್ಚಾಗಿರುವುದು. ಒತ್ತಿದಾಗ ಮಂಡಿಚಿಪ್ಪಿನ ಮೇಲೆ ಮಾತ್ರ ನೋವಿರುವುದು. ಮಂಡಿಯ ಹೊರಬದಿಯಲ್ಲಿ, ತುಸು ಕೆಳಗೆ ಕೈಗೆ ತಾಗುವ ಮೂಳೆಯ ಗುಬಟು ಒತ್ತಿದರೆ ನೋಯುವುದು. ಮಂಡಿಯನ್ನು 90 ಡಿಗ್ರಿಯಷ್ಟು ಮಡಿಸಲಾಗದಿರುವುದು. ಪೆಟ್ಟಾದ ಕೂಡಲೇ ಮತ್ತು ವೈದ್ಯರೆದುರು ಕೂಡ ನಾಲ್ಕು ಹೆಜ್ಜೆ ಇಡಲಾಗದಿರುವುದು. ಈ ಐದರಲ್ಲಿ ಒಂದಿದ್ದರೂ ಎಕ್ಸ್‌ರೇ ತೆಗೆಸಬೇಕು.

ಆದರೆ ಎಕ್ಸ್‌ರೇ ‘ನಾರ್ಮಲ್’ ಎಂದರೆ ಮೂಳೆ ಮುರಿದಂತೆ ಕಾಣುತ್ತಿಲ್ಲ ಎಂದಷ್ಟೇ ಅರ್ಥ. ಮೂಳೆಗಳನ್ನು ಬಿಗಿದಿಟ್ಟಿರುವ ಲಿಗಮೆಂಟುಗಳಾಗಲಿ, ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಆಗಲಿ ಅದರಲ್ಲಿ ಕಾಣುವುದಿಲ್ಲ. ಅವುಗಳನ್ನು ತೋರಿಸುವುದು ಎಂ.ಆರ್.ಐ.

ತಡಮಾಡಬಾರದ ಲಕ್ಷಣಗಳು

ಪೆಟ್ಟಾದಾಗ ಒಳಗೆ ‘ಟಪ್’ ಎಂದು ಸದ್ದಾಗಿ, ಎರಡು ಮೂರು ಗಂಟೆಯೊಳಗೆ ಮಂಡಿ ಊದಿಕೊಂಡರೆ ಕೀಲಿನೊಳಗೆ ರಕ್ತ ತುಂಬಿರುವ ಸಾಧ್ಯತೆ ಹೆಚ್ಚು. ಆಟಗಾರರಲ್ಲಿ ಇದಕ್ಕೆ ಮುಂದಿನ ಅಡ್ಡ ಲಿಗಮೆಂಟು, ಅಂದರೆ ಎ.ಸಿ.ಎಲ್., ಹರಿದಿರುವುದು ಸಾಮಾನ್ಯ ಕಾರಣ. ಮಾರನೆಯ ದಿನ ನಿಧಾನವಾಗಿ ಬರುವ ಊತ ಮೆನಿಸ್ಕಸ್ ಕಡೆಗೆ ಬೊಟ್ಟು ಮಾಡಬಹುದು.

ಓಡುವಾಗ, ತಿರುಗುವಾಗ ಮಂಡಿ ಜಾರಿದಂತಾಗಿ ಕುಸಿಯುವುದು ಎರಡನೆಯ ಲಕ್ಷಣ. ಇಂಥ ಮಂಡಿಯಲ್ಲೇ ಆಡುತ್ತಾ ಹೋದರೆ ಕುಸಿದಾಗಲೆಲ್ಲ ಮೆನಿಸ್ಕಸ್ಸಿಗೂ ಪೆಟ್ಟು ಬೀಳಬಹುದು. ಮೂರನೆಯದು, ಮಂಡಿ ಸಿಕ್ಕಿಕೊಂಡು ಪೂರ್ತಿ ನೀಡಲು ಬಾರದಿರುವುದು. ಹರಿದ ಮೆನಿಸ್ಕಸ್ಸಿನ ತುಂಡು ನಡುವೆ ಸಿಕ್ಕಿಕೊಂಡರೆ ಹೀಗಾಗುತ್ತದೆ. ಬೇಗ ಗೊತ್ತಾದರೆ ಅದನ್ನು ಹೊಲಿದು ಉಳಿಸುವ ಅವಕಾಶ ಹೆಚ್ಚು. ತಡವಾದರೆ ಕತ್ತರಿಸಿ ತೆಗೆಯಬೇಕಾಗಬಹುದು. ಈ ಮೂರರಲ್ಲಿ ಯಾವುದಿದ್ದರೂ ತಿಂಗಳು ಕಾಯದೆ ಮೂಳೆ ತಜ್ಞರನ್ನು ಕಾಣಿರಿ.

ಮಂಡಿ ಬಿಸಿಯಾಗಿ, ಕೆಂಪಾಗಿ, ಜ್ವರ ಬಂದರೆ ಅಥವಾ ಪಾದ ತಣ್ಣಗಾಗಿ ಮರಗಟ್ಟಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಬೆಳೆಯುವ ಮಕ್ಕಳಿಗೆ ರಾತ್ರಿ ನಿದ್ದೆಗೆಡಿಸುವ ಮಂಡಿ ನೋವಿದ್ದರೆ ‘ಆಟದ ಪೆಟ್ಟು’ ಎಂದು ತಳ್ಳಿಹಾಕದೆ ಬೇಗ ವೈದ್ಯರಿಗೆ ತೋರಿಸಿ.

ಕಾಯಬಹುದಾದ ನೋವು

ಮೆಟ್ಟಿಲಿಳಿಯುವಾಗ, ಬಸ್ಸಿನಲ್ಲಿ ಬಹಳ ಹೊತ್ತು ಕುಳಿತು ಏಳುವಾಗ ಮಂಡಿಚಿಪ್ಪಿನ ಸುತ್ತ ನೋವು. ಊತವಿಲ್ಲ, ಕುಸಿತವಿಲ್ಲ, ಸಿಕ್ಕಿಕೊಳ್ಳುವುದಿಲ್ಲ. ಓಟಗಾರರಲ್ಲಿ ಇದು ಸಾಮಾನ್ಯ. ಓಟ ತಗ್ಗಿಸಿ, ತೊಡೆ ಮತ್ತು ಸೊಂಟದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿತು ಆರು ವಾರ ತಪ್ಪದೆ ಮಾಡಿರಿ. ಆಗಲೂ ಏನೂ ಗುಣ ಕಾಣದಿದ್ದರೆ ಸ್ಕ್ಯಾನಿನ ಯೋಚನೆ ಮಾಡಬಹುದು.

ಕೈಯ ಪರೀಕ್ಷೆ

ಪೆಟ್ಟಾದ ದಿನ ನೋವಿಗೆ ಸ್ನಾಯುಗಳು ಬಿಗಿದುಕೊಂಡಿರುವುದರಿಂದ ಪರೀಕ್ಷೆ ಸರಿಯಾಗಿ ಆಗುವುದಿಲ್ಲ. ಆದ್ದರಿಂದ ವಾರ, ಹತ್ತು ದಿನ ಬಿಟ್ಟು ಮತ್ತೆ ತೋರಿಸಬೇಕು. ಮಂಡಿಯನ್ನು ತುಸು ಮಡಿಸಿ ಕಣಕಾಲನ್ನು ಮುಂದಕ್ಕೆಳೆದು ನೋಡುವ ಲಾಕ್‌ಮನ್ ಪರೀಕ್ಷೆಯಿಂದ ಅನುಭವಿ ವೈದ್ಯರು ಎ.ಸಿ.ಎಲ್. ಹರಿದಿರುವುದನ್ನು ಬಹುಮಟ್ಟಿಗೆ ಕಂಡುಹಿಡಿಯಬಲ್ಲರು.

ಸ್ಕ್ಯಾನನ್ನಷ್ಟೇ ನಂಬುವಂತಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50ರಿಂದ 90 ವರ್ಷದ 991 ಮಂದಿಯ ಮಂಡಿಗಳನ್ನು ಎಂ.ಆರ್.ಐ. ಮಾಡಿ ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಮೆನಿಸ್ಕಸ್ ಹರಿದಿದ್ದವರಲ್ಲಿ ಶೇ. 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ನೋವಾಗಲಿ ಬಿಗಿತವಾಗಲಿ ಇರಲಿಲ್ಲ! ಆದ್ದರಿಂದ ಐವತ್ತು ದಾಟಿದವರು ವರದಿಯಲ್ಲಿ ‘ಹರಿದಿದೆ’ ಎಂದು ಓದಿದ ಕೂಡಲೇ ಶಸ್ತ್ರಚಿಕಿತ್ಸೆ ಬೇಕೆಂದು ಹೆದರಬೇಕಾಗಿಲ್ಲ.

ಸ್ಕ್ಯಾನಿಗೆ ಚೀಟಿ ಬರೆಸಿಕೊಳ್ಳುವ ಮೊದಲು ವೈದ್ಯರನ್ನು ಕೇಳಿ: ‘ಇದರ ವರದಿಯಿಂದ ಚಿಕಿತ್ಸೆ ಬದಲಾಗುತ್ತದೆಯೇ?’ ಹೌದೆಂದರೆ ಮಾಡಿಸಿ. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹದ ವಸ್ತುವಿದ್ದರೆ ಮೊದಲೇ ತಿಳಿಸಿ. ಕುಸಿಯುವ ಮಂಡಿಯಾದರೆ ಕಾರಣ ಗೊತ್ತಾಗುವವರೆಗೆ ಪಂದ್ಯ ಎಷ್ಟೇ ದೊಡ್ಡದಿರಲಿ, ಅಂಗಳಕ್ಕೆ ಇಳಿಯಬೇಡಿ.