ಎರಡು ಮಾನಿಟರು ಬೇಡ, ಒಂದು ಬಾಗಿಲು ಕೊಡಿ

ನಾಲ್ಕು ಜನ ಪ್ರೋಗ್ರಾಮರುಗಳು ಊಟಕ್ಕೆ ಕೂತಿರುವಾಗ "ಯಾವುದು ಇಲ್ಲದಿದ್ದರೆ ನಿಮಗೆ ಕೆಲಸ ಮಾಡೋಕೇ ಆಗಲ್ಲ?" ಅಂತ ಒಂದು ಪ್ರಶ್ನೆ ಎಸೆದು ನೋಡಿ. ಊಟ ಮುಗಿದು ಕೈ ಒಣಗಿದರೂ ಮಾತು ಮುಗಿಯುವುದಿಲ್ಲ. ಒಬ್ಬನಿಗೆ ಎರಡು ಮಾನಿಟರು ಬೇಕೇ ಬೇಕು. ಇನ್ನೊಬ್ಬಳಿಗೆ ಟಕಟಕ ಸದ್ದು ಮಾಡುವ ಮೆಕ್ಯಾನಿಕಲ್ ಕೀಬೋರ್ಡು. ಮತ್ತೊಬ್ಬನಿಗೆ ಬೆನ್ನಿಗೆ ಜಾಲರಿ ಇರುವ ದುಬಾರಿ ಕುರ್ಚಿ. ಕಪ್ಪು ಹಿನ್ನೆಲೆಯ ಪರದೆ, ಕಣ್ಣಿಗೆ ಹಿತವಾದ ಫಾಂಟು, ಗಂಟೆಗೊಂದು ಸ್ಟ್ರಾಂಗ್ ಕಾಫಿ. ಎಡಿಟರಿನ ವಿಷಯಕ್ಕೆ ಬಂದರಂತೂ ಮುಗಿದೇ ಹೋಯಿತು. ವಿಮ್ ಪಂಗಡದವರು ಒಂದು ಕಡೆ, ಇಮ್ಯಾಕ್ಸ್ ಪಂಗಡದವರು ಇನ್ನೊಂದು ಕಡೆ. ದ್ವೈತ-ಅದ್ವೈತದ ವಾದವಾದರೂ ಒಂದು ದಿನ ಬಗೆಹರಿದೀತು, ಇದು ಮಾತ್ರ ಬಗೆಹರಿಯಲಿಕ್ಕಿಲ್ಲ :-)

ಈ ಪಟ್ಟಿಯ ಬಗ್ಗೆಯೇ ನನ್ನ ತಕರಾರು. ಇದರಲ್ಲಿ ಎಲ್ಲಕ್ಕಿಂತ ಮೊದಲು ಇರಬೇಕಾದದ್ದೇ ಇಲ್ಲ. ಸದ್ದಿಲ್ಲದ, ಯಾರೂ ಬಂದು ಭುಜ ತಟ್ಟದ ಎರಡು-ಮೂರು ಗಂಟೆಗಳು, ಮತ್ತು ಅದನ್ನು ಕಾಪಾಡುವ ಗೋಡೆ, ಬಾಗಿಲು. ಕಂಪನಿಗಳು ಇದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಕೊಡುತ್ತವೆ. ನಾವೂ ಆ ಮಿಕ್ಕದ್ದನ್ನೇ ಇಸಕೊಂಡು, ಅದರಲ್ಲೇ ಯಾವುದು ಹೆಚ್ಚು ಯಾವುದು ಕಮ್ಮಿ ಅಂತ ಜಗಳವಾಡಿಕೊಂಡು ಸುಮ್ಮನಿದ್ದೇವೆ.

ಹಾಗಂತ ಉಪಕರಣಗಳು ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ. ನಾನೂ ಇದೇ ಕಸುಬಿನವನು, ಅವುಗಳ ಋಣ ನನ್ನ ಮೇಲೂ ಇದೆ. ಬಿಲ್ ಜಾಯ್ ಬರ್ಕ್ಲಿಯಲ್ಲಿ 'ವಿಐ' ಎಡಿಟರ್ ಬರೆದದ್ದು 1976ರಲ್ಲಿ. ಅದರಲ್ಲಿ ಕರ್ಸರನ್ನು ಅತ್ತಿತ್ತ ಸರಿಸಲು ಎಚ್, ಜೆ, ಕೆ, ಎಲ್ ಕೀಲಿಗಳನ್ನು ಒತ್ತಬೇಕು. ಯಾಕೆ ಅಂದರೆ ಆತ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳನ್ನು ಆ ಕೀಲಿಗಳ ಮೇಲೇ ಅಚ್ಚು ಹಾಕಿದ್ದರು. ಆ ಟರ್ಮಿನಲ್ ಗುಜರಿ ಸೇರಿ ಎಷ್ಟೋ ಕಾಲವಾಯಿತು, ಅಭ್ಯಾಸ ಮಾತ್ರ ಇವತ್ತಿನ ಹುಡುಗರ ಬೆರಳಲ್ಲೂ ಇದೆ. ಅದೇ ಜಾಡಿನಲ್ಲಿ ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ 1991ರಲ್ಲಿ 'ವಿಮ್' ಬಿಡುಗಡೆ ಮಾಡಿದರು. ನನಗೆ ದುಡ್ಡು ಬೇಡ, ಕೊಡಬೇಕು ಅನ್ನಿಸಿದರೆ ಉಗಾಂಡದ ಮಕ್ಕಳಿಗೆ ಕೊಡಿ ಅನ್ನುವುದು ಅವರ ಕೋರಿಕೆಯಾಗಿತ್ತು. 2023ರಲ್ಲಿ ತೀರಿಕೊಳ್ಳುವ ತನಕ ಅದನ್ನು ಸಾಕಿದರು. ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲಿನಲ್ಲಿ 'ಗಿಟ್' ಶುರು ಮಾಡಿದರು. ಇಂದು ಅದಿಲ್ಲದೆ ಸಾಫ್ಟ್‌ವೇರಿನ ಕೆಲಸ ಊಹಿಸಿಕೊಳ್ಳುವುದೇ ಕಷ್ಟ.

ಒಂದು ವಿಷಯ ಗಮನಿಸಿದಿರಾ? ಇವೆಲ್ಲ ಪುಕ್ಕಟೆ. ನಮ್ಮ ಕಸುಬಿನ ಅತಿ ಮುಖ್ಯ ಉಪಕರಣಗಳಿಗೆ ಕಂಪನಿ ಒಂದು ಪೈಸೆ ಬಿಚ್ಚಬೇಕಾಗಿಲ್ಲ. ಮಾನಿಟರು, ಕುರ್ಚಿ, ಕಾಫಿ ಯಂತ್ರ ಎಲ್ಲ ಒಂದು ಸಲದ ಅಥವಾ ಸಣ್ಣ ಖರ್ಚು. ತಿಂಗಳು ತಿಂಗಳು ಕೈ ಕಚ್ಚುವುದು ಚದರಡಿಯ ಬಾಡಿಗೆ. ಗೋಡೆ ಎಬ್ಬಿಸಿದರೆ ಜಾಗ ಹೆಚ್ಚು ಬೇಕು, ಬಾಡಿಗೆ ಏರುತ್ತದೆ. ಗೋಡೆ ಕೆಡವಿ ಉದ್ದನೆ ಮೇಜು ಹಾಕಿದರೆ ಅದೇ ಜಾಗದಲ್ಲಿ ಇನ್ನಷ್ಟು ಜನರನ್ನು ತುಂಬಬಹುದು. ವಿಷಯ ಇಷ್ಟೇ. ಇದಕ್ಕೆ 'ಮುಕ್ತ ಸಂವಾದ', 'ಸಹಯೋಗ' ಅಂತೆಲ್ಲ ಹೆಸರಿಟ್ಟು ಬಂದಿದ್ದಾರೆ.

ಈ ಕಸುಬಿನಲ್ಲಿ ಇಲ್ಲದವರಿಗೆ ಒಂದು ಮಾತು. ಹಬ್ಬದ ದಿನ ಬೆಳಿಗ್ಗೆ ಅಂಗಳದಲ್ಲಿ ದೊಡ್ಡ ಚುಕ್ಕಿ ರಂಗೋಲಿ ಎಳೆಯುತ್ತಿರುವ ಅಮ್ಮನನ್ನು ನಡುವೆ "ಅಮ್ಮಾ, ನನ್ನ ಟವೆಲ್ ಎಲ್ಲಿ?" ಅಂತ ಕೂಗಿ ನೋಡಿ. ಎಳೆ ಎಲ್ಲಿಂದ ಎಲ್ಲಿಗೆ ಸುತ್ತಿ ಬರಬೇಕು ಅನ್ನುವುದು ಅವರ ತಲೆಯಲ್ಲಿರುತ್ತದೆ, ನೆಲದ ಮೇಲಲ್ಲ. ಲೆಕ್ಕ ತಪ್ಪಿದರೆ ಒರೆಸಿ ಮತ್ತೆ ಮೊದಲಿಂದ. ಪ್ರೋಗ್ರಾಮಿಂಗೂ ಹೀಗೆಯೇ. ಇಲ್ಲಿ ಬದಲಾಗುವ ಒಂದು ಅಂಕಿ ಮೂರು ಫೈಲು ದಾಟಿ ಎಲ್ಲಿ ಹೋಗಿ ಮುಟ್ಟುತ್ತದೆ, ಇಬ್ಬರು ಒಂದೇ ಕ್ಷಣದಲ್ಲಿ ಹಣ ಕಳಿಸಿದರೆ ಯಾವುದು ಮೊದಲು ದಾಖಲಾಗುತ್ತದೆ, ನಡುವೆ ನೆಟ್‌ವರ್ಕ್ ಹೋದರೆ ಏನು ಗತಿ, ಇದೆಲ್ಲವನ್ನೂ ಒಟ್ಟಿಗೆ ತಲೆಯಲ್ಲಿ ಹಿಡಿದಿಟ್ಟುಕೊಂಡಾಗಲೇ ಒಂದು ಸಾಲು ಬರೆಯಲು ಸಾಧ್ಯ. "ಒಂದೇ ನಿಮಿಷ, ಫ್ರೀ ಇದೀಯಾ?" ಅಂತ ಬಂದವರಿಗೆ ಖರ್ಚಾಗುವುದು ಒಂದು ನಿಮಿಷ. ಕೆಡವಿದ್ದನ್ನು ಮತ್ತೆ ಕಟ್ಟಿಕೊಳ್ಳಲು ನಮಗೆ ಕಾಲು ಗಂಟೆ, ಅರ್ಧ ಗಂಟೆ. ದಿನಕ್ಕೆ ಇಂಥ ಹತ್ತು 'ಒಂದು ನಿಮಿಷ'ಗಳಾದರೆ ಮಿಕ್ಕಿದ್ದೆಷ್ಟು, ನೀವೇ ಲೆಕ್ಕ ಹಾಕಿ.

ಇದೇನು ಹೊಸ ಸಂಶೋಧನೆಯಲ್ಲ. ಐಬಿಎಂ ಕಂಪನಿ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ತೆರೇಸಾದಲ್ಲಿ ಪ್ರೋಗ್ರಾಮರುಗಳಿಗೆಂದೇ ಕಟ್ಟಡ ಕಟ್ಟಿಸಿತು. ಕಟ್ಟುವ ಮೊದಲು ಇವರು ಹೇಗೆ ಕೆಲಸ ಮಾಡುತ್ತಾರೆ ಅಂತ ಅಧ್ಯಯನ ಮಾಡಿಸಿತು. ಬಂದ ಉತ್ತರ: ಒಬ್ಬೊಬ್ಬರಿಗೆ 100 ಚದರಡಿ ಜಾಗ, 30 ಚದರಡಿ ಮೇಜು, ಸದ್ದು ತಡೆಯಲು ಮುಚ್ಚಿದ ಕೋಣೆ ಅಥವಾ ಆರಡಿ ಎತ್ತರದ ತಡಿಕೆ. ವಾಸ್ತುಶಿಲ್ಪಿ ಜೆರಾಲ್ಡ್ ಮೆಕ್ಯೂ ಇದರ ವಿವರಗಳನ್ನು 1978ರಲ್ಲೇ ಬರೆದು ಪ್ರಕಟಿಸಿದ್ದಾರೆ.

ಆಮೇಲೆ ಟಾಮ್ ಡಿಮಾರ್ಕೊ ಮತ್ತು ಟಿಮೋತಿ ಲಿಸ್ಟರ್. ಇವರು 1984ರಿಂದ 1986ರ ತನಕ 92 ಕಂಪನಿಗಳ ಆರುನೂರಕ್ಕೂ ಹೆಚ್ಚು ಪ್ರೋಗ್ರಾಮರುಗಳಿಗೆ ಅವರವರ ಜಾಗದಲ್ಲೇ ಒಂದೇ ಲೆಕ್ಕ ಕೊಟ್ಟು ಸ್ಪರ್ಧೆ ನಡೆಸಿದರು. 1987ರ 'ಪೀಪಲ್‌ವೇರ್' ಪುಸ್ತಕದಲ್ಲಿ ಫಲಿತಾಂಶ ಇದೆ. ಸಂಬಳ, ಬಳಸಿದ ಭಾಷೆ, ವರ್ಷಗಳ ಅನುಭವ ಇವಕ್ಕೂ ಗೆದ್ದವರಿಗೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಕೂತ ಜಾಗಕ್ಕೆ. ಮುಂದಿದ್ದ ಕಾಲು ಭಾಗದವರಿಗೆ ಸರಾಸರಿ 78 ಚದರಡಿ, ಹಿಂದುಳಿದ ಕಾಲು ಭಾಗದವರಿಗೆ 46. "ನಿಮ್ಮನ್ನು ವಿನಾಕಾರಣ ಬಂದು ಮಾತಾಡಿಸುತ್ತಾರಾ?" ಅಂದರೆ ಹೌದು ಅಂದವರು ಮುಂದಿನವರಲ್ಲಿ 38 ಶೇಕಡಾ, ಹಿಂದಿನವರಲ್ಲಿ 76. ಒಳ್ಳೆಯವರಿಗೆ ಒಳ್ಳೆಯ ಕೋಣೆ ಸಿಕ್ಕಿತೋ, ಒಳ್ಳೆಯ ಕೋಣೆಯಿಂದ ಒಳ್ಳೆಯವರಾದರೋ ಅಂತ ನೀವು ಕೇಳಬಹುದು. ಕೇಳಿ. ಯಾವುದೇ ಆದರೂ ಒಳ್ಳೆಯವರು ಬೇಕೆಂದರೆ ಕೋಣೆ ಕೊಡಬೇಕು ಅಂತ ತಾನೇ ಅರ್ಥ?

ಸರಿ, ಹೆಡ್‌ಫೋನ್ ಹಾಕಿಕೊಳ್ಳಿ ಅನ್ನುತ್ತಾರೆ. ಇದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವ ಮಾತು. ಸದ್ದು ತೊಡೆಯುವ ಹೆಡ್‌ಫೋನಿನ ಯೋಚನೆ ಅಮರ್ ಬೋಸ್ ಅವರಿಗೆ ಹೊಳೆದದ್ದು 1978ರಲ್ಲಿ, ವಿಮಾನದಲ್ಲಿ ಕೂತಿದ್ದಾಗ. ಅವರ ಕಂಪನಿ 1989ರಲ್ಲಿ ಮೊದಲು ಮಾರಿದ್ದು ವಿಮಾನ ಹಾರಿಸುವವರಿಗೆ. ಜೆಟ್ ಎಂಜಿನ್ನಿನ ಸದ್ದಿಗೆಂದು ಹುಟ್ಟಿದ ವಸ್ತುವನ್ನು ನಾವು ಆಫೀಸಿನಲ್ಲಿ, ಅದೂ ಬಹಳಷ್ಟು ಸಲ ಸ್ವಂತ ದುಡ್ಡಿನಲ್ಲಿ ಕೊಂಡು ಹಾಕಿಕೊಂಡಿದ್ದೇವೆ! ಅಷ್ಟಾದರೂ ಕೆಲಸ ಆಗುತ್ತದಾ? ಈ ತಂತ್ರ ಚೆನ್ನಾಗಿ ತೊಡೆಯುವುದು ಒಂದೇ ಸಮನೆ ಗುಂಯ್‌ಗುಡುವ ತಗ್ಗು ದನಿಯನ್ನು. ಏರಿಳಿಯುವ ಮನುಷ್ಯನ ಮಾತನ್ನು ಅಷ್ಟು ಚೆನ್ನಾಗಿ ತೊಡೆಯುವುದಿಲ್ಲ. ಏಸಿಯ ಸದ್ದು ಹೋಗುತ್ತದೆ, ಪಕ್ಕದವರ ಕ್ಲೈಂಟ್ ಕಾಲ್ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.

ಅದರ ಮೇಲೆ ಸಂಗೀತ ಹಾಕಿಕೊಂಡರೆ? ಅದೇ ಪುಸ್ತಕದಲ್ಲಿ 1960ರ ದಶಕದ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ಪ್ರಯೋಗದ ಕಥೆ ಇದೆ. ಒಂದು ಕೋಣೆಯಲ್ಲಿ ಸಂಗೀತ, ಒಂದರಲ್ಲಿ ಮೌನ, ಎರಡಕ್ಕೂ ಒಂದೇ ಪ್ರೋಗ್ರಾಂ. ವೇಗ, ತಪ್ಪು-ಒಪ್ಪು ಹೆಚ್ಚುಕಡಿಮೆ ಒಂದೇ. ಆದರೆ ಆ ಲೆಕ್ಕದಲ್ಲಿ ಒಂದು ಗುಟ್ಟಿತ್ತು. ಅಷ್ಟೆಲ್ಲ ಗುಣಿಸಿ ಭಾಗಿಸಿದ ಮೇಲೂ ಕೊನೆಗೆ ಬರುವುದು ಮೊದಲು ಕೊಟ್ಟ ಸಂಖ್ಯೆಯೇ! ಇದನ್ನು ಕಂಡುಹಿಡಿದವರಲ್ಲಿ ಬಹುಪಾಲು ಮೌನದ ಕೋಣೆಯವರು. ಗದ್ದಲದಲ್ಲಿ ಕೆಲಸ ಆಗುತ್ತದೆ ನಿಜ. "ಈ ಕೆಲಸ ಮಾಡುವುದೇ ಬೇಡವಲ್ಲ" ಅನ್ನುವುದು ಹೊಳೆಯುವುದಿಲ್ಲ.

ಗೋಡೆ ಕೆಡವಿದರೆ ಜನ ಹೆಚ್ಚು ಮಾತಾಡುತ್ತಾರೆ ಅನ್ನುವ ವಾದವನ್ನೂ ನೋಡೋಣ. ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಕಂಪನಿಗಳ ನೌಕರರ ಕೊರಳಿಗೆ ಸೆನ್ಸರ್ ಹಾಕಿ ಅಳೆದರು. ಬಯಲು ಆಫೀಸಿಗೆ ಬದಲಾದ ಮೇಲೆ ಮುಖಾಮುಖಿ ಒಡನಾಟ ಸುಮಾರು 70 ಶೇಕಡಾ ಇಳಿಯಿತು. ಈಮೇಲ್ ಏರಿತು. ಸಹಜ ತಾನೇ? ಹತ್ತು ಜನರ ಎದುರು ಪೆದ್ದು ಪ್ರಶ್ನೆ ಕೇಳಲು ಯಾರಿಗೆ ಧೈರ್ಯ? ಎಲ್ಲರೂ ಕಿವಿ ಮುಚ್ಚಿಕೊಂಡು, ಪಕ್ಕದಲ್ಲೇ ಕೂತವನಿಗೆ ಚಾಟಿನಲ್ಲಿ ಸಂದೇಶ ಕಳಿಸುತ್ತೇವೆ.

ಈಗ ನಿಜವಾದ ನಷ್ಟಕ್ಕೆ ಬರುತ್ತೇನೆ. ಹಗಲು ಆಗದ ಕೆಲಸ ಎಲ್ಲಿಗೆ ಹೋಗುತ್ತದೆ? ರಾತ್ರಿಗೆ. ಸಂಜೆ ಏಳರ ಮೇಲೆ ಫ್ಲೋರು ಖಾಲಿಯಾಗುತ್ತದೆ, ಆಗ ಶುರು ನಿಜವಾದ ಪ್ರೋಗ್ರಾಮಿಂಗು. ಹೆಮ್ಮೆಯಿಂದ "ನಾನು ರಾತ್ರಿ ಕೆಲಸ ಮಾಡೋನು" ಅನ್ನುತ್ತೇವೆ. ಅದು ಸ್ವಭಾವವಲ್ಲ ಮಾರಾಯ್ರೆ, ಹಗಲಿನಲ್ಲಿ ಜಾಗ ಸಿಗದಿದ್ದಕ್ಕೆ ಕಂಡುಕೊಂಡ ದಾರಿ. ಕಂಪನಿ ಉಳಿಸಿದ ಬಾಡಿಗೆಯನ್ನು ಕಟ್ಟುತ್ತಿರುವುದು ಮನೆಯಲ್ಲಿ ಊಟಕ್ಕೆ ಕಾದು ಮಲಗಿದ ಮಕ್ಕಳು. ಇನ್ನು ಸಂಜೆ ಆರಕ್ಕೆ ಹೊರಡಲೇಬೇಕಾದವರ ಪಾಡು ನೋಡಿ. ಮಗುವನ್ನು ಡೇಕೇರಿನಿಂದ ಕರೆತರಬೇಕು, ಕ್ಯಾಬ್ ಹಿಡಿಯಬೇಕು, ಮನೆಯಲ್ಲಿ ಅಡುಗೆ ಆಗಬೇಕು. ಇವರಲ್ಲಿ ಹೆಚ್ಚಿನವರು ಹೆಂಗಸರು. ಅವರಿಗೆ ಹಗಲೂ ಮೌನವಿಲ್ಲ, ರಾತ್ರಿಯೂ ಇಲ್ಲ. ವರ್ಷದ ಕೊನೆಗೆ ಅಪ್ರೈಸಲ್ಲಿನಲ್ಲಿ "ಔಟ್‌ಪುಟ್ ಕಮ್ಮಿ" ಅನ್ನಿಸಿಕೊಳ್ಳುವವರೂ ಅವರೇ. ಗೋಡೆ ಇಲ್ಲದಿರುವುದು ಬರೀ ಅನನುಕೂಲವಲ್ಲ, ಅನ್ಯಾಯ ಅಂತ ನಾನು ಹೇಳುವುದು ಇದಕ್ಕೆ.

2020ರಲ್ಲಿ ಎಲ್ಲರೂ ಮನೆ ಸೇರಿದಾಗ ಕೋಣೆಯಿದ್ದವರಿಗೆ ಬಾಗಿಲಿನ ರುಚಿ ಹತ್ತಿತು. ಎರಡು ಕೋಣೆಯ ಮನೆಯಲ್ಲಿ ಐದು ಜನ ಇದ್ದವರಿಗೆ ಕುಕ್ಕರಿನ ಸೀಟಿ, ಮಕ್ಕಳ ಆನ್‌ಲೈನ್ ಪಾಠ. ಆದ್ದರಿಂದ ಮನೆಯೇ ಉತ್ತರ ಅಂತಲೂ ನಾನು ಹೇಳಲಾರೆ. ಆದರೆ ಅನೇಕ ಕಂಪನಿಗಳು ಮತ್ತೆ ಕರೆಸಿಕೊಂಡದ್ದು ಎಲ್ಲಿಗೆ? ಔಟರ್ ರಿಂಗ್ ರೋಡಿನಲ್ಲಿ ಒಂದೂವರೆ ಗಂಟೆ ತೆವಳಿ ಹೋದರೆ, ನಾನು ಆಗ ಇದ್ದ ಕಡೆ ಸ್ವಂತ ಮೇಜೂ ಇರಲಿಲ್ಲ. 'ಹಾಟ್ ಡೆಸ್ಕ್' ಅಂತೆ! ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ದಿನಾ ಬೆಳಿಗ್ಗೆ ಮೇಜು ಹಿಡಿಯಬೇಕು. ಅಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು, ಬೇರೆ ಊರಿನಲ್ಲಿರುವ ಟೀಮಿನ ಜೊತೆ ವಿಡಿಯೋ ಕಾಲು.

ಈಗ ಹೊಸ ರಾಗ ಶುರುವಾಗಿದೆ: ಕೋಡನ್ನು ಕೃತಕ ಬುದ್ಧಿಮತ್ತೆಯೇ ಬರೆಯುತ್ತದೆ, ನಿಮಗೇಕೆ ಏಕಾಂತ? ಸ್ವಾಮಿ, ಅದು ಬರೆದದ್ದನ್ನು ಓದುವವರು ಯಾರು? ನೋಡಲು ನೀಟಾಗಿರುವ ನಾನೂರು ಸಾಲಿನ ನಡುವೆ ತಪ್ಪಿರುವ ಒಂದು ಸಾಲು ಹಿಡಿಯುವುದು, ನಾವೇ ಬರೆಯುವುದಕ್ಕಿಂತ ಹೆಚ್ಚು ಏಕಾಗ್ರತೆ ಬೇಡುವ ಕೆಲಸ. ಬರೆಯುವ ಶ್ರಮ ಕಮ್ಮಿಯಾದಷ್ಟೂ ಯೋಚಿಸುವ ಪಾಲು ಹೆಚ್ಚುತ್ತದೆ. ಬಾಗಿಲು ಇನ್ನೂ ಹೆಚ್ಚು ಬೇಕು.

"ಬಸ್ ಕಂಡಕ್ಟರಿಗೆ ಕೋಣೆ ಕೊಟ್ಟಿದ್ದಾರಾ? ನಿಮ್ಮದು ಹೊಟ್ಟೆ ತುಂಬಿದವರ ಗೋಳು" ಅನ್ನುವವರಿಗೂ ಉತ್ತರ ಕೊಡಬೇಕು. ಹೌದು, ನಮಗೆ ಸಿಗುವ ಸಂಬಳ, ಏಸಿ, ಕಾಫಿ ಅವರಿಗೆ ಸಿಗುವುದಿಲ್ಲ. ಅದಕ್ಕೇ ನಾನು ಇನ್ನೊಂದು ಸೌಕರ್ಯ ಕೇಳುತ್ತಿಲ್ಲ. ಬೀನ್ ಬ್ಯಾಗು, ಫೂಸ್‌ಬಾಲ್ ಮೇಜು, ಪುಕ್ಕಟೆ ತಿಂಡಿ ಬೇಕಾದರೆ ವಾಪಸ್ ತಗೊಳ್ಳಿ. ಕಂಡಕ್ಟರಿಗೆ ಟಿಕೆಟ್ ಯಂತ್ರ ಹೇಗೋ ನಮಗೆ ಮೌನ ಹಾಗೆ. ಕೇಳುತ್ತಿರುವುದು ಕೆಲಸದ ಉಪಕರಣವನ್ನು.

ಹೊಸಬರು ಪಕ್ಕದವರನ್ನು ನೋಡಿಯೇ ಕಲಿಯುತ್ತಾರೆ ಅನ್ನುವ ಮಾತು ಮಾತ್ರ ನಿಜ, ಒಪ್ಪುತ್ತೇನೆ. ಅದಕ್ಕೆ ಹೊತ್ತು ಗೊತ್ತು ಮಾಡಿ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮೀಟಿಂಗ್ ಬೇಡ, ಮಧ್ಯಾಹ್ನ ಎಷ್ಟು ಬೇಕಾದರೂ ಕಲಿಸೋಣ. ಪ್ರತಿ ಫ್ಲೋರಿನಲ್ಲಿ ಲೈಬ್ರರಿಯಂಥ ಒಂದು ಕೋಣೆ ಇರಲಿ, ಅಲ್ಲಿ ಫೋನು ನಿಷಿದ್ಧ. ಈಗ ಸುಮ್ಮನಿರಬೇಕಾದವರು ಜಾಗ ಹುಡುಕಿಕೊಂಡು ಅಲೆಯುತ್ತಾರೆ. ಮಾತಾಡಬೇಕಾದವರು ಎದ್ದು ಗೂಡಿಗೆ ಹೋಗಲಿ. ಚಾಟಿಗೆ ತಕ್ಷಣ ಉತ್ತರ ಬರಬೇಕೆಂಬ ಹಟ ಬಿಡಿ. ಇಷ್ಟಕ್ಕೆ ಕಟ್ಟಡ ಒಡೆಯಬೇಕಾಗಿಲ್ಲ.

ಮತ್ತು ನಾವು. ಕೆಲಸ ಬದಲಿಸುವಾಗ ಲ್ಯಾಪ್‌ಟಾಪ್ ಯಾವುದು, ಮಾನಿಟರು ಎಷ್ಟು ಅಂತ ಕೇಳುತ್ತೇವೆ. "ನಾನು ಕೂರುವ ಜಾಗ ಒಮ್ಮೆ ತೋರಿಸಿ" ಅಂತ ಎಷ್ಟು ಜನ ಕೇಳಿದ್ದೇವೆ? ಹತ್ತು ಜನ ಕೇಳಿದರೆ ನಗುತ್ತಾರೆ, ಸಾವಿರ ಜನ ಕೇಳಿದರೆ ಲೆಕ್ಕ ಹಾಕುತ್ತಾರೆ.

ಇದನ್ನು ಓದುತ್ತಿರುವ ನೀವೆಲ್ಲ ಬರೆಯುವವರು. ಪ್ರೋಗ್ರಾಮರುಗಳಲ್ಲದಿದ್ದರೂ ನಾನು ಹೇಳುತ್ತಿರುವುದು ನಿಮಗೆ ಗೊತ್ತು. ಮನೆಯವರೆಲ್ಲ ಮಲಗಿದ ಮೇಲೆ ತಾನೇ ನಿಮ್ಮ ಒಳ್ಳೆಯ ಪೋಸ್ಟುಗಳು ಬಂದಿರುವುದು? ನಿಮ್ಮ ಆಫೀಸಿನಲ್ಲಿ ಬಾಗಿಲು ಇದೆಯೇ? ಇದ್ದರೆ ಹೇಗೆ ಗಿಟ್ಟಿಸಿದಿರಿ ಅಂತ ಕೆಳಗೆ ಬರೆಯಿರಿ, ನಾಲ್ಕು ಜನಕ್ಕೆ ಉಪಯೋಗವಾದೀತು. ವಿಮ್-ಇಮ್ಯಾಕ್ಸ್ ಜಗಳಕ್ಕೆ ಮಾತ್ರ ಇವತ್ತು ರಜೆ.